ಆರು ತಿಂಗಳ ಸಿನಿಮಾ ಲೆಕ್ಕ

ಎಲ್ಲರಿಗೂ ನಮಸ್ಕಾರ. 2023ರ ಜುಲೈಯಿಂದ ಡಿಸೆಂಬರ್‌ವರೆಗೆ ಥಿಯೇಟರ್‌ನಲ್ಲಿ ನೋಡಿದ ಕನ್ನಡ ಸಿನಿಮಾಗಳಲ್ಲಿ ನಿಮ್ಮ ಮೊದಲ ಐದನ್ನು ಭಾನುವಾರ ರಾತ್ರಿಯೊಳಗೆ ಇಲ್ಲಿ ಹಾಕಿ. ಮೊಬೈಲ್‌ನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ.

‘ಸಪ್ತ ಸಾಗರದಾಚೆ ಎಲ್ಲೋ’ ಒಂದಾ, ಎರಡಾ ಅಂತ ಮೂವರು ಕೇಳಿದ್ದಾರೆ. ಸೈಡ್ ಎ ಸೆಪ್ಟೆಂಬರ್ 1ಕ್ಕೆ ಬಂತು, ಸೈಡ್ ಬಿ ನವೆಂಬರ್ 17ಕ್ಕೆ. ಎರಡು ಸಲ ಟಿಕೆಟ್ ತಗೊಂಡಿದ್ದೇವೆ ಅಲ್ವಾ? ಹಾಗಾದರೆ ಎರಡು. ನನ್ನ ಪಟ್ಟಿಯಲ್ಲಿ ಎ ಮೊದಲು, ಬಿ ನಾಲ್ಕನೆಯದು. ಜಗಳಕ್ಕೆ ಬರುವವರು ಬನ್ನಿ.

‘ಕಾಟೇರ’ ಬಂದಿದ್ದೇ ಡಿಸೆಂಬರ್ 29ಕ್ಕೆ. 31ರೊಳಗೆ ನೋಡಿದವರು ಮಾತ್ರ ಸೇರಿಸಿ. ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಚಿತ್ರಕ್ಕೆ ಪಕ್ಕದ ಸೀಟಿನವರ ನಗು ಕೇಳಿ ಅಂಕ ಕೊಡಬೇಡಿ (ನಾನು ಕೊಟ್ಟಿದ್ದೇನೆ, ಎರಡನೇ ಜಾಗ).

ಸುಮ್ನೆ ಪಟ್ಟಿ ಸಾಲದು. ಮೊದಲನೆಯದಕ್ಕೆ ಒಂದು ಸಾಲು ಕಾರಣವನ್ನೂ ಬರೆಯಿರಿ.