ಚಾರ್ಲಿ ಮರಿಯಾನೊ: ಬೆಂಗಳೂರು ಮರೆಯಬಾರದ ಬೀಬಾಪ್ ವಾದಕ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಫ್ಯೂಷನ್ ಸಂಗೀತ ಕುರಿತು ಬಂದ ಲೇಖನದಲ್ಲಿ ಬೆಂಗಳೂರಿನ ತಾಳವಾದ್ಯ ಸಂಸ್ಥೆ ಮತ್ತು ತಂಡವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಪ್ರಸ್ತಾಪ ಬಂದದ್ದು ಸಂತೋಷ. ಆದರೆ ಅವರ ಜೊತೆ ನುಡಿಸಿದ ಸ್ಯಾಕ್ಸೊಫೋನ್ ವಾದಕರನ್ನು ಹೆಸರೂ ಹೇಳದೆ, ವಿದೇಶಿ ಕಲಾವಿದ ಎಂದಷ್ಟೇ ಬರೆದು ಮುಂದೆ ಹೋಗಲಾಗಿದೆ. ಅವರು ಚಾರ್ಲಿ ಮರಿಯಾನೊ. ನಮ್ಮ ಸಂಗೀತದ ರುಚಿ ಹತ್ತುವ ಹೊತ್ತಿಗೆ ಅವರು ಬೀಬಾಪ್ ಎಂಬ ವೇಗದ, ಜಟಿಲ ಶೈಲಿಯ ಜಾಝ್‌ನಲ್ಲಿ ಇಪ್ಪತ್ತು ವರ್ಷ ಪಳಗಿದ್ದವರು. ಆ ಇಪ್ಪತ್ತು ವರ್ಷಗಳನ್ನು ಬಿಟ್ಟರೆ ಬೆಂಗಳೂರಿನವರೊಂದಿಗೆ ಅವರು ಮಾಡಿದ ಕೆಲಸವೂ ಅರ್ಥವಾಗುವುದಿಲ್ಲ.

ಮರಿಯಾನೊ ಹುಟ್ಟಿದ್ದು 1923ರಲ್ಲಿ, ಬಾಸ್ಟನ್ನಿನ ಇಟಾಲಿಯನ್ ವಲಸಿಗರ ಮನೆಯಲ್ಲಿ. ಯುದ್ಧಕಾಲದಲ್ಲಿ ಸೇನೆಯ ಬ್ಯಾಂಡಿನಲ್ಲಿದ್ದರು. ಬೀಬಾಪ್‌ನ ಮೂಲಪುರುಷರಲ್ಲೊಬ್ಬರಾದ ಆಲ್ಟೊ ವಾದಕ ಚಾರ್ಲಿ ಪಾರ್ಕರ್ ಅವರನ್ನು ಕೇಳಿದ ಮೇಲೆ ಅವರ ಆಲ್ಟೊ ಸ್ಯಾಕ್ಸೊಫೋನಿನ ದಿಕ್ಕೇ ಬದಲಾಯಿತು. ಐವತ್ತರ ದಶಕದ ಆರಂಭದಲ್ಲಿ ಬಾಸ್ಟನ್ನಿನ ಬೀಬಾಪ್ ವಲಯಕ್ಕೆ ಅವರೇ ಕೇಂದ್ರ. 1953ರಲ್ಲಿ ಸ್ಟ್ಯಾನ್ ಕೆಂಟನ್ ಅವರ ದೊಡ್ಡ ತಂಡ ಸೇರಿದರು. ಆ ತಂಡಕ್ಕಾಗಿ ಬಿಲ್ ಹೋಲ್ಮನ್ ಅಳವಡಿಸಿದ ‘ಸ್ಟೆಲ್ಲಾ ಬೈ ಸ್ಟಾರ್‌ಲೈಟ್’ (1955) ಕೇಳಿ ನೋಡಿ. 32 ಬಾರ್‌ಗಳ (ತಾಳದ ಸಣ್ಣ ಖಂಡಗಳ) ಹಾಡು. ಹೆಚ್ಚುಕಡಿಮೆ ಪ್ರತಿ ಬಾರ್‌ಗೂ ಕೆಳಗಿನ ಸ್ವರಮೇಳ (ಕಾರ್ಡ್, ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾಗುತ್ತದೆ, ಅದರೊಂದಿಗೆ ಮೇಲೆ ನುಡಿಸುವವನ ಸ್ವರಗಳೂ ಬದಲಾಗಬೇಕು. ಮರಿಯಾನೊ ಎಲ್ಲಿಯೂ ತಡವರಿಸದೆ, ಒಂದೊಂದು ಸಾಲಿನ ಕೊನೆಯ ಸ್ವರವನ್ನು ಮುಂದಿನ ಮೇಳದೊಳಕ್ಕೆ ಇಳಿಸುತ್ತಾ ಹೋಗುತ್ತಾರೆ. 1963ರಲ್ಲಿ ಜಾಝ್ ಸಂಯೋಜಕ ಚಾರ್ಲ್ಸ್ ಮಿಂಗಸ್ ಅವರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ಅಳುವಂತೆ ಏರುವ ಆಲ್ಟೊ ಕೂಡ ಅವರದೇ. ಹನ್ನೊಂದು ಜನರ ಆ ಧ್ವನಿಮುದ್ರಣ ಮುಗಿದ ಮೇಲೆ ಮಿಂಗಸ್ ಅವರನ್ನು ಮತ್ತೆ ಕರೆಸಿ, ಅದರ ಮೇಲೆ ಇನ್ನಷ್ಟು ಸ್ಯಾಕ್ಸೊಫೋನ್ ಸೇರಿಸಿದರು.

ಇಷ್ಟಾದರೂ ಹೆಸರು ಮಸುಕಾಯಿತು. ಪಾರ್ಕರ್ ಅನುಯಾಯಿ ಎಂಬ ಚೀಟಿ ಅಂಟಿದ್ದು ಒಂದು ಕಾರಣ. 1971ರ ಸುಮಾರಿಗೆ ಯುರೋಪಿಗೆ ಹೋಗಿ ನೆಲೆಸಿದ್ದು ಇನ್ನೊಂದು. ಅಲ್ಲಿಂದ ಮುಂದಿನ ಧ್ವನಿಮುದ್ರಿಕೆಗಳು ಬಹುಪಾಲು ಜರ್ಮನ್ ಕಂಪನಿಗಳಿಂದ ಬಂದವು, ಅಮೆರಿಕದ ವಿಮರ್ಶಕರು ಹಿಂಬಾಲಿಸಲಿಲ್ಲ. ನಮ್ಮ ಮಟ್ಟಿಗೆ ಅವರಿಗೆ ಆದ ದೊಡ್ಡ ಅನ್ಯಾಯ ಅದು.

ಅರವತ್ತರ ದಶಕದ ಕೊನೆಯಲ್ಲಿ ಮಲೇಷ್ಯಾದ ರೇಡಿಯೊ ವಾದ್ಯವೃಂದಕ್ಕೆ ತರಬೇತಿ ಕೊಡಲು ಹೋಗಿದ್ದಾಗ ಅವರಿಗೆ ನಾಗಸ್ವರ ಸಿಕ್ಕಿತು. ಆಮೇಲೆ ಭಾರತಕ್ಕೂ ಬಂದು ಕಲಿತರು. ಜರ್ಮನ್ ಬೇಸ್ ವಾದಕ ಎಬರ್ಹಾರ್ಡ್ ವೆಬರ್ ಅವರ ‘ಯೆಲ್ಲೊ ಫೀಲ್ಡ್ಸ್’ನಲ್ಲಿ (1975) ಅವರ ನಾಗಸ್ವರ ಕೇಳಬಹುದು. ನಾಗಸ್ವರದಲ್ಲಿ ಕೀಗಳಿಲ್ಲ. ಏಳು ರಂಧ್ರಗಳನ್ನು ಬೆರಳಿನಿಂದ ಅರ್ಧ ಮುಚ್ಚಿ ಅರ್ಧ ತೆರೆದು, ಸೀವಾಳಿಯ (ಊದುವ ತುದಿಯ ಜೊಂಡಿನ ಪಟ್ಟಿ) ಮೇಲೆ ತುಟಿ ಬಿಗಿದು ಸಡಿಲಿಸಿ ಗಮಕ ತೆಗೆಯುತ್ತಾರೆ. ಸ್ಯಾಕ್ಸೊಫೋನಿನಲ್ಲಿ ಬೆರಳಿನ ಕೆಳಗೆ ಪ್ಯಾಡ್ ಇದೆ, ರಂಧ್ರ ಒಂದೋ ಮುಚ್ಚುತ್ತದೆ ಇಲ್ಲವೇ ತೆರೆಯುತ್ತದೆ. ಹಾಗಾಗಿ ಜಾರು ಬರಬೇಕಾದರೆ ದವಡೆ, ನಾಲಗೆ, ಗಂಟಲು ಕೆಲಸ ಮಾಡಬೇಕು. ಸ್ವರವನ್ನು ಕೆಳಕ್ಕೆ ಬಾಗಿಸುವುದು ಸುಲಭ, ಮೇಲಕ್ಕೆ ಎತ್ತುವುದು ಕಷ್ಟ. ಅದಕ್ಕೇ ಪಳಗಿದವರು ಮೇಲಿನ ಸ್ವರದ ಕೀ ಹಿಡಿದು, ತುಟಿಯಿಂದ ಕೆಳಗೆ ತಂದು, ಅಲ್ಲಿಂದ ಬಿಡುತ್ತಾ ಬರುತ್ತಾರೆ. ಹೊಸಬರು ಎಡವುವುದು ಕಂಪನದಲ್ಲಿ. ಜಾಝ್‌ನ ಅಭ್ಯಾಸಕ್ಕೆ ಬಿದ್ದ ದವಡೆ ಪ್ರತಿ ದೀರ್ಘಸ್ವರವನ್ನೂ ಅಲುಗಾಡಿಸುತ್ತದೆ. ನಿಶ್ಚಲವಾಗಿ ನಿಲ್ಲಬೇಕಾದ ಷಡ್ಜ ಪಂಚಮಗಳು ಆಗ ತಂಬೂರಿಗೆ ಕೂಡುವುದಿಲ್ಲ.

ಶ್ರುತಿಯದು ಇನ್ನೊಂದು ತೊಡಕು. ಗಾಯಕಿಯ ಷಡ್ಜ ಜಿ-ಶಾರ್ಪ್ ಎಂದಿಟ್ಟುಕೊಳ್ಳಿ. ಸೊಪ್ರಾನೊ ಸ್ಯಾಕ್ಸೊಫೋನ್ ಬಿ-ಫ್ಲ್ಯಾಟ್ ವಾದ್ಯ, ಅಂದರೆ ಹಿಡಿದ ಸ್ವರಕ್ಕಿಂತ ಎರಡು ಸ್ವರಸ್ಥಾನ ಕೆಳಗೆ ನುಡಿಯುತ್ತದೆ, ಆದ್ದರಿಂದ ವಾದಕ ಅದನ್ನು ಎ-ಶಾರ್ಪ್ ಎಂದು ಹಿಡಿಯಬೇಕು. ಮಾಯಾಮಾಳವಗೌಳದಲ್ಲಿ ಅಲ್ಲಿಂದ ಪಕ್ಕದ ಶುದ್ಧ ರಿಷಭಕ್ಕೆ ಹೋಗುವಾಗ ಎಡ ತೋರುಬೆರಳಿನ ಬಿಸ್ ಎಂಬ ಚಿಕ್ಕ ಕೀ ಬಳಸಿದರೆ ಬೆರಳು ಜಾರಿಸಬೇಕಾಗುತ್ತದೆ, ಎಳೆ ಕಡಿಯುತ್ತದೆ. ಬಲಗೈ ಪಕ್ಕದ ಕೀ ಬಳಸಿದರೆ ಎರಡು ಸ್ವರಗಳು ಒಂದೇ ಉಸಿರಿನಲ್ಲಿ ಅಂಟಿಕೊಂಡು ಬರುತ್ತವೆ.

ಲಯದಲ್ಲಿ ಬೀಬಾಪ್ ಅವರ ಕೈಹಿಡಿಯಿತು ಎಂಬುದು ನಮ್ಮ ಅಭಿಪ್ರಾಯ. ಎಂಟು ಏಟುಗಳ ಆದಿತಾಳದ ಒಂದು ಆವರ್ತಕ್ಕೆ ಚತುರಶ್ರದಲ್ಲಿ (ಏಟಿಗೆ ನಾಲ್ಕರಂತೆ) 32 ಮಾತ್ರೆ. ಐದು ಮಾತ್ರೆಯ ‘ತದಿಗಿಣತೊಂ’ ಮೂರು ಸಲ, ನಡುವೆ ಒಂದೊಂದು ಮಾತ್ರೆ ಬಿಡುವು: ಒಟ್ಟು 17. ಹದಿನಾರನೆಯ ಮಾತ್ರೆಯಲ್ಲಿ ಎತ್ತಿದರೆ ಮುಂದಿನ ಏಟು ಸರಿಯಾಗಿ ಸಮಕ್ಕೆ (ಆವರ್ತದ ಮೊದಲ ಏಟಿಗೆ) ಬೀಳುತ್ತದೆ. ನಾಲ್ಕು ನಾಲ್ಕಾಗಿ ಮಾತ್ರ ಯೋಚಿಸುವ ವಾದಕ ಬಿಡುವನ್ನು ನುಂಗಿ ಮೊದಲೇ ಬಂದುಬಿಡುತ್ತಾನೆ. ಬೀಬಾಪ್‌ನಲ್ಲಿ ಬಾರ್‌ಗೆರೆ ದಾಟಿ ಸಾಲು ಹರಿಸಿ, ಆದರೂ 32 ಬಾರ್‌ಗಳ ಲೆಕ್ಕ ತಪ್ಪದವರಿಗೆ ಈ ಕಿವಿ ಮೊದಲೇ ಇರುತ್ತದೆ.

ಇದೆಲ್ಲ ಒಟ್ಟಾಗಿ ಕೇಳಿಸುವುದು ‘ಜ್ಯೋತಿ’ಯಲ್ಲಿ. ಜರ್ಮನಿಯ ಇಸಿಎಂ ಕಂಪನಿಯಿಂದ ಬಂದ, ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆಗಿನ 1983ರ ಧ್ವನಿಮುದ್ರಿಕೆ. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಮರಿಯಾನೊ ಅವರದು ಸೊಪ್ರಾನೊ ಮತ್ತು ಕೊಳಲು. ಮೊದಲ ಹಾಡಿನಲ್ಲಿ ಅವರು ಬಾಯಿಯನ್ನೇ ತೆರೆಯುವುದಿಲ್ಲ, ಅದು ರಮಾಮಣಿಯವರ ಕಂಠಕ್ಕೆ ಬಿಟ್ಟ ಜಾಗ. ವೇಗದ ಸಾಲುಗಳಿಗೆ ಹೆಸರಾದ ವಾದಕರೊಬ್ಬರ ಈ ಸಂಯಮಕ್ಕೆ ನಾವು ತಲೆಬಾಗುತ್ತೇವೆ.

ಸ್ಯಾಕ್ಸೊಫೋನ್ ಎಂದರೆ ನಮ್ಮವರಿಗೆ ಕದ್ರಿ ಗೋಪಾಲನಾಥ್. ಅದು ನ್ಯಾಯವೇ. ಅವರು ನಾಗಸ್ವರದ ಮನೆತನದಿಂದ ಸ್ಯಾಕ್ಸೊಫೋನಿಗೆ ಬಂದವರು, ಮರಿಯಾನೊ ಸ್ಯಾಕ್ಸೊಫೋನಿನಿಂದ ನಾಗಸ್ವರಕ್ಕೆ ಹೋದವರು. ಇಬ್ಬರನ್ನೂ ಒಟ್ಟಿಗಿಟ್ಟು ಬರೆದ ಒಂದು ಲೇಖನ ಕನ್ನಡದಲ್ಲಿ ಬರಬೇಕು.

ಮರಿಯಾನೊ 2009ರಲ್ಲಿ ಕಲೋನ್‌ನಲ್ಲಿ ತೀರಿಕೊಂಡರು, ಮಣಿಯವರು 2020ರಲ್ಲಿ. ಇವರಿಬ್ಬರ ಕಛೇರಿಗಳ ಖಾಸಗಿ ಕ್ಯಾಸೆಟ್‌ಗಳು ಓದುಗರ ಮನೆಗಳಲ್ಲಿ ಇನ್ನೂ ಇದ್ದರೆ ಕಾಪಾಡಲು ನಿಮ್ಮ ಪತ್ರಿಕೆ ಕರೆ ಕೊಡಬೇಕೆಂದು ಕೋರುತ್ತೇವೆ. ಟೇಪಿನ ಮೇಲೆ ಬಿಳಿ ಬೂಸ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ಹೆಡ್‌ಗೆ ಅಂಟಿ ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಒಳಗಿನ ಸ್ಪಂಜಿನ ಪ್ಯಾಡ್ ಉದುರಿದ್ದರೆ ಸುರುಳಿಯನ್ನು ಸ್ಕ್ರೂ ಇರುವ ಬೇರೆ ಕವಚಕ್ಕೆ ವರ್ಗಾಯಿಸಬಹುದು. ಡಿಜಿಟಲ್‌ಗೆ ಇಳಿಸುವಾಗ ಪ್ಲೇಯರಿನ ವೇಗ ಪರೀಕ್ಷಿಸಿ: ಶೇ 3ರಷ್ಟು ಹೆಚ್ಚಿದ್ದರೂ ಶ್ರುತಿ ಅರ್ಧ ಸ್ವರಸ್ಥಾನದಷ್ಟು ಏರುತ್ತದೆ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಬರೆದಿರುವ ದಿನಾಂಕ, ಸ್ಥಳ, ಪಕ್ಕವಾದ್ಯದವರ ಹೆಸರುಗಳ ಫೋಟೊವನ್ನೂ ಅದರ ಜೊತೆಗೇ ಉಳಿಸಿ.

ಇಂತಿ,
ಕೆಲವು ಸ್ಯಾಕ್ಸೊಫೋನ್ ವಾದಕರು ಮತ್ತು ಕೇಳುಗರು
ಬೆಂಗಳೂರು