ಗೆಳೆಯನಿಗೊಂದು ಪತ್ರ: ಆ ಟೇಪಿನ ವಿಷಯ

ಲೋ ಮಾರಾಯ,

ಪತ್ರ ನಿನಗೇ. ಆದರೆ ನಾಲ್ಕು ಜನ ಓದುತ್ತಾರೆ, ಅದಕ್ಕೇ ಬೈಗುಳ ಕಡಿಮೆ ಮಾಡಿದ್ದೇನೆ. ಇವರೆಲ್ಲರ ಮುಂದೆ ನಮ್ಮಿಬ್ಬರ ಮಾಮೂಲಿ ತಮಾಷೆ ತೆಗೆದು "ಮೂರನೇ ಹೆಣ ಎಲ್ಲಿ?" ಅಂತ ಮಾತ್ರ ಕೇಳಬೇಡ.

1910ರಲ್ಲಿ ಎಡಿಸನ್ ಕಂಪನಿ ತೆಗೆದ ಮೂಕಿ 'ಫ್ರಾಂಕೆನ್‌ಸ್ಟೈನ್' ಪುರಾಣ ಶುರು ಮಾಡಿದರೆ ನೀನು ಆಕಳಿಸುತ್ತೀಯ. ಆದರೂ ಕೇಳು. ರಾಕ್ಷಸ ಹುಟ್ಟುವುದನ್ನು ತೋರಿಸಲು ಅವನ ಗೊಂಬೆಗೆ ಬೆಂಕಿ ಹಚ್ಚಿ, ಅದು ಉರಿದು ಕುಸಿಯುವುದನ್ನು ಚಿತ್ರೀಕರಿಸಿ, ತೆರೆಯ ಮೇಲೆ ಹಿಂದುಮುಂದಾಗಿ ಓಡಿಸಿದರು. ಕೊಪ್ಪರಿಗೆಯೊಳಗೆ ಮೂಳೆಗೆ ಮಾಂಸ ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಈಗಲೂ ಮೈ ಜುಮ್ಮೆನ್ನುತ್ತದೆ. 1980ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದನ್ನು ಕಳೆದುಹೋದ ಮುಖ್ಯ ಸಿನಿಮಾಗಳ ಪಟ್ಟಿಗೆ ಸೇರಿಸಿತು. ವಿಸ್ಕಾನ್ಸಿನ್‌ನ ಒಬ್ಬ ಸಂಗ್ರಾಹಕ ಮಾತ್ರ 1950ರ ದಶಕದಲ್ಲೇ ಅದನ್ನು ಕೊಂಡು ಇಟ್ಟುಕೊಂಡಿದ್ದ! 2018ರಲ್ಲಿ ಅಮೆರಿಕದ ಸರ್ಕಾರಿ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಸರಿಪಡಿಸಿ ಎಲ್ಲರಿಗೂ ಪುಕ್ಕಟೆ ಬಿಟ್ಟಿತು. ಜನ ಆ ಸಂಗ್ರಾಹಕನನ್ನು ಜಿಪುಣ ಅಂದರು. ನನಗೆ ಅವನು ಚೆನ್ನಾಗಿ ಅರ್ಥವಾಗುತ್ತಾನೆ.

ಯಾಕಂದರೆ ನನ್ನ ಟೇಪು, ಬೇರೆ ಯಾರ ಹತ್ತಿರವೂ ಇಲ್ಲದ ಆ ಹಾರರ್ ಸಿನಿಮಾದ ವಿಡಿಯೋ ಟೇಪು. ಸಿನಿಮಾದ ಹೆಸರು ಇಲ್ಲಿ ಹೇಳಲ್ಲ, ನಿನಗೆ ಗೊತ್ತು. ಕಾಪಿಯ ಕಾಪಿಯ ಕಾಪಿ ಅದು. ಪ್ರತಿ ಸಲ ಕಾಪಿ ಆದಾಗಲೂ ಬಣ್ಣ ಕದಡಿ, ಕಪ್ಪು ಇನ್ನಷ್ಟು ಗಟ್ಟಿಯಾಗಿ, ಈಗ ಬಾಗಿಲ ಬಳಿ ನಿಂತವನ ಮುಖವೇ ಕಾಣುವುದಿಲ್ಲ. ಹೆದರಿಕೆ ಇರುವುದೇ ಅಲ್ಲಿ. ಚೊಕ್ಕ ಪ್ರಿಂಟ್ ಬಂದರೆ ಕತ್ತಿನ ಹತ್ತಿರ ರಬ್ಬರ್ ಮುಖವಾಡದ ಅಂಚು ಕಂಡುಬಿಡುತ್ತದೆ, ಅಲ್ವಾ?

ಮೊನ್ನೆ ಸುದ್ದಿ ಬಂತು: ಆ ಸಿನಿಮಾದ ನೆಗೆಟಿವ್, ಅಂದರೆ ಮೂಲ ಫಿಲ್ಮ್ ಸುರುಳಿ, ಸಿಕ್ಕಿದೆಯಂತೆ, ಡಿಸ್ಕ್ ಬರುತ್ತಂತೆ. ಕುಣಿಯಬೇಕಿತ್ತು. ಹೊಟ್ಟೆ ಉರಿಯಿತು. ಆ ನೆಗೆಟಿವ್ ಬೂಷ್ಟು ಹಿಡಿದು ಹಾಳಾಗಿರಲಿ ಅಂತ ಒಂದು ಕ್ಷಣ ಮನಸಾರೆ ಬಯಸಿದೆ. ಸಿನಿಮಾ ನನಗೆ ಇಷ್ಟವೇ ಅನ್ನುವುದೇ ಅನುಮಾನ ಕಣೋ. ನಡುವೆ ಎಷ್ಟೋ ಹೊತ್ತು ಬರೀ ಕಾರು ಓಡಿಸುತ್ತಿರುತ್ತಾರೆ. ಇಷ್ಟವಾದದ್ದು ಬೇರೆಯವರ ಹತ್ತಿರ ಅದು ಇಲ್ಲ ಅನ್ನುವುದು. ಇನ್ನೂ ಒಂದಿದೆ, ಅದು ಜಾಸ್ತಿ ಕಾಡುತ್ತದೆ. ಈ ಟೇಪು ಇಲ್ಲದಿದ್ದರೆ ನೀನು ಮೊದಲ ಸಲ ನನ್ನನ್ನು ಮಾತಾಡಿಸುತ್ತಿದ್ದೆಯಾ? ಎಲ್ಲರ ಹತ್ತಿರವೂ ಡಿಸ್ಕ್ ಇರುವಾಗ ನನ್ನ ಹತ್ತಿರ ಏನಿರುತ್ತದೆ?

ಸಾಕು, ಸುಮ್ನೆ ಜಾಸ್ತಿ ಮಾತಾಡಿದೆ. ಕೇಳಿದ್ದಕ್ಕೆ ಇಲ್ಲಿ ಉತ್ತರ ಬರೆಯಬೇಡ, ನಿನ್ನ ಕಾಗುಣಿತ ಲೋಕಕ್ಕೆಲ್ಲ ಗೊತ್ತಾಗುತ್ತದೆ. ಅಂದಹಾಗೆ ಡಿಸ್ಕ್ ಬಂದ ದಿನ ಮೊದಲು ಆರ್ಡರ್ ಮಾಡುವವನು ನಾನೇ. ಎರಡು ಥರದ ಕವರ್‌ನಲ್ಲಿ ಬಂದರೆ ಎರಡನ್ನೂ ತರಿಸುತ್ತೇನೆ. ಬಿಚ್ಚುವುದಿಲ್ಲ, ಅಷ್ಟೇ.

ಇಂತಿ,
ಹೊಟ್ಟೆಕಿಚ್ಚಿನವ