ಮೋನೋ ಬಟನ್ ಒತ್ತಿ ಅಂದವರಿಗೆ

ಹಳೇ ರೆಕಾರ್ಡ್ ಅಂಗಡಿಯಲ್ಲಿ ನನ್ನ ಪಕ್ಕ ನಿಂತು ಎಲ್‌ಪಿಗಳನ್ನು ತಿರುವಿ ಹಾಕುತ್ತಿದ್ದವರೇ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇಬಿಟ್ಟಿರಿ. ಅದಕ್ಕೇ ಥ್ಯಾಂಕ್ಸ್ ಇಲ್ಲಿ ಹೇಳುತ್ತಿದ್ದೇನೆ.

ಅಮೆರಿಕದ ಸೋಲ್ ಗಾಯಕ ಓಟಿಸ್ ರೆಡಿಂಗ್ ಅವರ 1965ರ 'ಓಟಿಸ್ ಬ್ಲೂ' ಮೋನೋ ರೆಕಾರ್ಡ್ (ಎರಡೂ ಸ್ಪೀಕರ್‌ಗಳಲ್ಲಿ ಒಂದೇ ಸದ್ದು ಬರುವಂಥದ್ದು) ಮನೆಯಲ್ಲಿದೆ, ಆದರೆ ಹಾಡಿಗಿಂತ ಚಟಪಟ ಸದ್ದೇ ಜಾಸ್ತಿ ಅಂದೆ. "ಆಂಪ್ಲಿಫೈಯರ್‌ನಲ್ಲಿ ಮೋನೋ ಬಟನ್ ಇದ್ದರೆ ಒತ್ತಿ ನೋಡಿ" ಅಂದಿರಿ. ಮೋನೋ ಗ್ರೂವ್‌ನಲ್ಲಿ, ಅಂದರೆ ಸೂಜಿ ಓಡುವ ಗೀರಿನಲ್ಲಿ, ಹಾಡು ಇರುವುದು ಅಕ್ಕಪಕ್ಕದ ಅಲುಗಾಟದಲ್ಲಿ ಮಾತ್ರ. ಸೂಜಿ ಮೇಲೆ ಕೆಳಗೆ ಕುಣಿದರೆ ಅದು ಬರೀ ಧೂಳು, ಸವೆತದ ಗಲಾಟೆ, ಆ ಬಟನ್ ಅದನ್ನು ಕಳೆದುಬಿಡುತ್ತದೆ ಅಂತ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದಿರಿ.

ಒತ್ತಿದೆ. ಅಬ್ಬಾ! ತುತ್ತೂರಿಗಳ ನಡುವೆ ಆತ ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಇದನ್ನು ರೆಕಾರ್ಡ್ ಮಾಡಿದ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋ ಮೊದಲು ಸಿನಿಮಾ ಟಾಕೀಸ್ ಆಗಿತ್ತಲ್ವಾ, ಡ್ರಮ್ಸ್ ಸದ್ದಿನ ಹಿಂದೆ ಆ ದೊಡ್ಡ ಹಾಲ್ ಇರುವುದೂ ಗೊತ್ತಾಗುತ್ತದೆ. 1967ರ ಡಿಸೆಂಬರ್‌ನಲ್ಲಿ ವಿಮಾನ ಸರೋವರಕ್ಕೆ ಬಿದ್ದು ತೀರಿಕೊಂಡಾಗ ಅವರಿಗೆ ಬರೀ 26. (ಆ ಗಂಟಲು ಕೇಳಿದರೆ ಐವತ್ತು ದಾಟಿದವರು ಅನ್ನಬೇಕು.)

ಈಗ ಉಳಿದ ಮೋನೋ ರೆಕಾರ್ಡ್‌ಗಳೂ ಅಟ್ಟದಿಂದ ಕೆಳಗಿಳಿಯುತ್ತಿವೆ. ವಾಲ್ಯೂಮ್ ಕಮ್ಮಿ ಮಾಡಿ ಅಂತ ಮನೆಯವರು ಕೂಗುತ್ತಿದ್ದಾರೆ. ಅದಕ್ಕೂ ನೀವೇ ಹೊಣೆ ಸ್ವಾಮಿ!